72ನೆಯ ಕಾಲಂ ದಾಟಿದ ಚುಕ್ಕೆ

ಬ್ಯಾಂಕು, ವಿಮೆ ಮುಂತಾದ ಕ್ಷೇತ್ರಗಳಲ್ಲಿ ಭಾರಿ ಪ್ರಮಾಣದ ಲೆಕ್ಕಾಚಾರವನ್ನು ಎಡೆಬಿಡದೆ ನಡೆಸುವ ಗಣಕಗಳನ್ನು ಮೇನ್‌ಫ್ರೇಮ್ ಎನ್ನುತ್ತೇವೆ. ಇವುಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ಒಂದು ಭಾಷೆ ಕೋಬಾಲ್. ಇದರ ಮೊದಲ ವಿವರಣೆ ಪ್ರಕಟವಾದದ್ದು 1960ರಲ್ಲಿ. ಈ ಭಾಷೆಯಲ್ಲಿ ಕ್ರಮವಿಧಿ ಬರೆಯುವವರು ವ್ಯಾಕರಣದಷ್ಟೇ ಎಚ್ಚರದಿಂದ ಸಾಲಿನ ಅಳತೆಯನ್ನೂ ಗಮನಿಸಬೇಕು. ಏಕೆ?

ಐಬಿಎಂ ಸಂಸ್ಥೆ 1928ರಲ್ಲಿ 80 ಕಾಲಂಗಳ ರಂಧ್ರಪತ್ರವನ್ನು, ಅಂದರೆ ಪಂಚ್ ಕಾರ್ಡನ್ನು, ಬಳಕೆಗೆ ತಂದಿತು. 1950ರ ದಶಕದ ಐಬಿಎಂ 704 ಗಣಕದಲ್ಲಿ ಒಂದು ಪದದ ಉದ್ದ 36 ಬಿಟ್. ಕಾರ್ಡಿನ ಪ್ರತಿ ಅಡ್ಡಸಾಲಿನಿಂದ ಅದು ಎರಡು ಪದಗಳನ್ನು, ಎಂದರೆ 72 ಕಾಲಂಗಳನ್ನು ಮಾತ್ರ ಓದುತ್ತಿತ್ತು. ಫೋರ್‌ಟ್ರಾನ್ ಭಾಷೆ ಈ ಮಿತಿಯನ್ನೇ ಅನುಸರಿಸಿತು. ಕೋಬಾಲಿನ ಸಾಂಪ್ರದಾಯಿಕ ವಿನ್ಯಾಸದಲ್ಲೂ 1ರಿಂದ 6ನೆಯ ಕಾಲಂ ಕ್ರಮಸಂಖ್ಯೆಗೆ, 7ನೆಯದು ಟಿಪ್ಪಣಿ ಮುಂತಾದವುಗಳ ಗುರುತಿಗೆ, 8ರಿಂದ 72 ಆದೇಶಗಳಿಗೆ ಮೀಸಲು. 73ರಿಂದ 80ರವರೆಗೆ ಏನು ಬರೆದರೂ ಕಂಪೈಲರ್ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಇದರಿಂದಾಗುವ ಅಪಾಯವನ್ನು ನೋಡಿ:

ಇಫ್ ಬ್ಯಾಲೆನ್ಸ್ < 1000
ಆ್ಯಡ್ 25 ಟು ಫೀ.
ಆ್ಯಡ್ ಇಂಟರೆಸ್ಟ್ ಟು ಬ್ಯಾಲೆನ್ಸ್.

ಎರಡನೆಯ ಸಾಲಿನ ಕೊನೆಯ ಚುಕ್ಕೆ ಷರತ್ತನ್ನು ಮುಗಿಸುತ್ತದೆ. ಆದ್ದರಿಂದ ಬಡ್ಡಿ ಎಲ್ಲ ಖಾತೆಗಳಿಗೂ ಸೇರುತ್ತದೆ. ಈಗ 'ಫೀ' ಎಂಬ ಹೆಸರಿಗೆ ಬದಲಾಗಿ ಉದ್ದನೆಯ ಹೆಸರೊಂದನ್ನು ಹಾಕಿದಿರಿ ಎಂದುಕೊಳ್ಳಿ. ಸಾಲು ಬಲಕ್ಕೆ ಸರಿದು ಚುಕ್ಕೆ 73ನೆಯ ಕಾಲಂಗೆ ಬಿದ್ದರೆ ಮೂರನೆಯ ಸಾಲೂ ಷರತ್ತಿನ ಒಳಗೇ ಸೇರಿಬಿಡುತ್ತದೆ. 1000 ರೂಪಾಯಿ ಅಥವಾ ಅದಕ್ಕೂ ಹೆಚ್ಚು ಹಣವಿರುವವರಿಗೆ ಬಡ್ಡಿಯೇ ಇಲ್ಲ! ವ್ಯಾಕರಣ ಸರಿಯಾಗಿಯೇ ಇರುವುದರಿಂದ ಕಂಪೈಲರ್ ದೋಷವನ್ನು ತೋರಿಸುವುದಿಲ್ಲ. ಪರದೆಯ ಮೇಲೆ ಚುಕ್ಕೆ ಕಾಣುತ್ತಲೇ ಇದ್ದರೆ ಓದುವವರ ಕಣ್ಣಿಗೂ ತಪ್ಪು ಬೀಳುವುದಿಲ್ಲ.

ಐಬಿಎಂ ಮೇನ್‌ಫ್ರೇಮ್‌ಗಳಲ್ಲಿ ಬಳಸುವ ಐಎಸ್‌ಪಿಎಫ್ ಸಂಪಾದಕದಲ್ಲಿ ಇದಕ್ಕೆ ಸುಲಭ ಪರಿಹಾರಗಳಿವೆ.

1. 'ಕಾಲ್ಸ್' ಎಂಬ ಆದೇಶ ಕೊಡಿ. ಕಾಲಂಗಳನ್ನು ಎಣಿಸಿ ತೋರಿಸುವ ಅಳತೆಪಟ್ಟಿ ಪರದೆಯ ಮೇಲೆ ಮೂಡುತ್ತದೆ.

2. ಸಾಲುಸಂಖ್ಯೆ ಬಳಸದ ಕಡತದಲ್ಲಿ, ಹೆಸರುಗಳನ್ನು ಬದಲಿಸುವ ಮುನ್ನ 'ಬೌಂಡ್ಸ್ 7 72' ಎಂದು ಎಲ್ಲೆ ಹಾಕಿಕೊಳ್ಳಿ. ಆಗ 'ಚೇಂಜ್' ಆದೇಶ ಈ ಎಲ್ಲೆಯೊಳಗೇ ಕೆಲಸ ಮಾಡುತ್ತದೆ. ಜಾಗ ಸಾಲದ ಸಾಲನ್ನು ಬದಲಿಸದೆ ಅದರ ಎಡಕ್ಕೆ ದೋಷದ ಗುರುತು ಹಾಕುತ್ತದೆ.

3. ಹಳೆಯ ಕಡತವನ್ನು ಪರೀಕ್ಷಿಸಲು ಮೊದಲು 'ಎಕ್ಸ್‌ಕ್ಲೂಡ್ ಆಲ್' ಎಂದು ಎಲ್ಲ ಸಾಲುಗಳನ್ನೂ ಮರೆಮಾಡಿ. ಅನಂತರ 'ಫೈಂಡ್ ಆಲ್ ಪಿ'¬' 73 80' ಎನ್ನಿ. ಇಲ್ಲಿ ¬ ಚಿಹ್ನೆಯ ಅರ್ಥ 'ಖಾಲಿಯಲ್ಲದ ಯಾವುದೇ ಅಕ್ಷರ'. ಎಲ್ಲೆ ಮೀರಿದ ಸಾಲುಗಳಷ್ಟೇ ಕಾಣಿಸುತ್ತವೆ. ಆ ಜಾಗದಲ್ಲಿ ಹಳೆಯ ಸಾಲುಸಂಖ್ಯೆಗಳಿದ್ದರೆ ಅವೂ ಸಿಕ್ಕುತ್ತವೆ, ಅವುಗಳಿಂದ ತೊಂದರೆಯಿಲ್ಲ. 'ರೀಸೆಟ್' ಎಂದರೆ ಮರೆಯಾದ ಸಾಲುಗಳೆಲ್ಲ ಮರಳುತ್ತವೆ.

4. ಷರತ್ತನ್ನು ಮುಗಿಸಲು ಚುಕ್ಕೆಯೊಂದನ್ನೇ ನಂಬಬೇಡಿ. 1985ರ ಕೋಬಾಲ್ ಮಾನಕ ಒದಗಿಸಿದ 'ಎಂಡ್-ಇಫ್' ಅನ್ನು ಪ್ರತ್ಯೇಕ ಸಾಲಿನಲ್ಲಿ ಬರೆಯಿರಿ. ಮೇಲಿನ ಸಾಲು ಎಷ್ಟೇ ಬೆಳೆದರೂ ಷರತ್ತಿನ ಕೊನೆ ತನ್ನ ಜಾಗದಲ್ಲೇ ಇರುತ್ತದೆ.

ಅಧ್ಯಾಪಕರು ತರಗತಿಯಲ್ಲಿ ಮೇಲಿನ ಮೂರು ಸಾಲುಗಳನ್ನು ಚುಕ್ಕೆಯೊಡನೆ ಒಮ್ಮೆ, ಚುಕ್ಕೆಯಿಲ್ಲದೆ ಒಮ್ಮೆ ಬರೆದು, 900 ಮತ್ತು 5000 ರೂಪಾಯಿಗಳ ಎರಡು ಖಾತೆಗಳಿಗೆ ಉತ್ತರ ಕಂಡುಹಿಡಿಯುವಂತೆ ವಿದ್ಯಾರ್ಥಿಗಳಿಗೆ ಹೇಳಬಹುದು. 900ರ ಖಾತೆಯಲ್ಲಿ ವ್ಯತ್ಯಾಸವೇ ಇರುವುದಿಲ್ಲ. 5000ದ ಖಾತೆಯಲ್ಲಿ ಮಾತ್ರ ತಪ್ಪು ಹೊರಬೀಳುತ್ತದೆ. ಷರತ್ತಿನ ಎರಡೂ ಬದಿಗಳನ್ನು ಪರೀಕ್ಷಿಸದೆ ಕ್ರಮವಿಧಿಯನ್ನು ಒಪ್ಪಬಾರದೆಂಬ ಪಾಠ ಅವರಿಗೆ ಇದರಿಂದ ತಾನಾಗಿಯೇ ತಿಳಿಯುತ್ತದೆ.