ಸೂಟಿ ಯಾರ ಮನೆಯಲ್ಲಿ?

ವಾರ್ಷಿಕ ಪರೀಕ್ಷೆ ಮುಗಿದ ಕೂಡಲೇ ನಮ್ಮ ಉತ್ತರ ಕರ್ನಾಟಕದ ಮಕ್ಕಳು ಕೇಳುವ ಮೊದಲ ಪ್ರಶ್ನೆ, 'ಸೂಟಿಗೆ ಎಲ್ಲಿಗೆ ಹೋಗೂದು?' ಅಪ್ಪ-ಅವ್ವ ಬೇರೆಯಾದ ಮನೆಯ ಮಗು ಮಾತ್ರ ಇದನ್ನು ಕೇಳಲು ಹಿಂಜರಿಯುತ್ತದೆ. ಕೇಳಿದರೆ ಇಬ್ಬರಲ್ಲಿ ಒಬ್ಬರ ಮುಖ ಬಾಡುತ್ತದೆಂದು ಅದಕ್ಕೆ ಗೊತ್ತು.

ಬೀಳಗಿ ತಾಲ್ಲೂಕಿನ ಅನಗವಾಡಿಯಂಥ ಊರನ್ನೇ ತೆಗೆದುಕೊಳ್ಳಿ. ಘಟಪ್ರಭೆಯ ದಂಡೆಯ ತವರಿಗೆ ಮರಳಿದ ತಾಯಿ, ಜೊತೆಗೆ ಆರನೆಯ ತರಗತಿಯ ಮಗ, ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ತಂದೆ ಎನ್ನಿ. ವಿಚ್ಛೇದನದ ಡಿಕ್ರಿಯಲ್ಲಿ 'ಬೇಸಿಗೆ ರಜೆಯ ಅರ್ಧ ತಂದೆಯೊಡನೆ' ಎಂದಷ್ಟೇ ಇದೆ. ಯಾವ ಅರ್ಧ? ರಾತ್ರಿ ಬಸ್ಸಿನಲ್ಲಿ ಕರೆದೊಯ್ಯುವವರು ಯಾರು, ತಂದು ಬಿಡುವವರು ಯಾರು? ನಡುವೆ ಸೋದರಮಾವನ ಮದುವೆ ಬಂದರೆ? ಖಟ್ಲೆ ಮುಗಿದ ಮೇಲೂ ಜಗಳ ಉಳಿಯುವುದು ಹೀಗೆ ಬರೆಯದೆ ಬಿಟ್ಟ ಮಾತುಗಳಲ್ಲೇ.

ಆದ್ದರಿಂದ ರಾಜಿಪತ್ರ ಬರೆಯುವಾಗಲೇ ತಾರೀಖು, ಮಗುವನ್ನು ಒಪ್ಪಿಸುವ ಸ್ಥಳ, ಪ್ರಯಾಣದ ಖರ್ಚು, ದಸರೆಯ ಸೂಟಿ, ಯುಗಾದಿ, ಪಂಚಮಿ ಎಲ್ಲವನ್ನೂ ಕಾಣಿಸುವುದು ಲೇಸು. ಹಳೆಯ ಡಿಕ್ರಿ ಇದ್ದರೂ ಕೈ ಕಟ್ಟಿದಂತಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 26ನೆಯ ಕಲಮಿನಂತೆ ಮಕ್ಕಳ ಕುರಿತ ಆದೇಶವನ್ನು ನ್ಯಾಯಾಲಯ ಕಾಲಕಾಲಕ್ಕೆ ಬದಲಿಸಬಹುದು. ವಿಚ್ಛೇದನವಿಲ್ಲದೆ ಬರೀ ಬೇರೆ ಇರುವವರಿಗೆ, ಯಾವ ಧರ್ಮದವರೇ ಆಗಲಿ, 1890ರ ಪೋಷಕರು ಮತ್ತು ಪಾಲಿತರ ಕಾಯ್ದೆ ಇದೆ. ಆದರೆ ಅರ್ಜಿಯನ್ನು ಏಪ್ರಿಲ್‌ವರೆಗೆ ತಡಮಾಡಬಾರದು. ಮಕ್ಕಳಿಗೆ ಸೂಟಿ ಇರುವಾಗಲೇ ಹೈಕೋರ್ಟಿಗೂ ಸಿವಿಲ್ ನ್ಯಾಯಾಲಯಗಳಿಗೂ ಬೇಸಿಗೆ ರಜೆ! ಆಗ ನಡೆಯುವುದು ತುರ್ತು ಕೆಲಸವಷ್ಟೆ.

ಸೂಟಿಯೇನು, ವರ್ಷವನ್ನೇ ಹಂಚಿದ ಉದಾಹರಣೆ ನಮ್ಮ ರಾಜ್ಯದಲ್ಲಿದೆ. ಹನ್ನೆರಡು ವರ್ಷದ ಬಾಲಕನೊಬ್ಬನ ಪ್ರಕರಣದಲ್ಲಿ 2013ರಲ್ಲಿ ಕರ್ನಾಟಕ ಹೈಕೋರ್ಟು, ಜನವರಿಯಿಂದ ಜೂನ್‌ವರೆಗೆ ತಂದೆಯ ಬಳಿ, ಜುಲೈಯಿಂದ ಡಿಸೆಂಬರ್‌ವರೆಗೆ ತಾಯಿಯ ಬಳಿ ಎಂದು ತೀರ್ಪಿತ್ತಿತು. ಶನಿವಾರ, ಭಾನುವಾರ ಇನ್ನೊಬ್ಬರು ನೋಡಬಹುದು. ಓದಿನ ಖರ್ಚು ಸಮಪಾಲು. ಇಬ್ಬರ ಮನೆಯೂ ಒಂದೇ ಊರಿನಲ್ಲಿದ್ದರೆ ಇದು ನಡೆದೀತು. ಅನಗವಾಡಿ-ಬೆಂಗಳೂರುಗಳ ನಡುವೆ ಶಾಲೆಯೇ ಎರಡಾಗಬೇಕಾದೀತು. ಅಂಥವರಿಗೆ ಉಳಿಯುವುದು ಸೂಟಿಯೇ. ಅದಕ್ಕೇ ಅದರ ಒಂದೊಂದು ದಿನಕ್ಕೂ ಇಷ್ಟು ಬೆಲೆ.

ದೂರವಿರುವವರಿಗೆ ಸುಪ್ರೀಂ ಕೋರ್ಟು 2020ರಲ್ಲಿ ಇನ್ನೊಂದು ದಾರಿಯನ್ನೂ ತೋರಿತು. ಮಗು ಯಾರ ಬಳಿ ಇಲ್ಲವೋ ಆ ಪಾಲಕರಿಗೆ ದಿನಕ್ಕೆ ಐದು-ಹತ್ತು ನಿಮಿಷವಾದರೂ ಮಾತಾಡುವ ಅವಕಾಶವಿರಬೇಕು. ಆ ನಂಟು ಉಳಿದರೆ ರಜೆಯಲ್ಲಿ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವುದು ಮಗುವಿಗೆ ಕಷ್ಟವಾಗದು ಎಂಬುದು ಅದರ ತರ್ಕ. ವರ್ಷವಿಡೀ ದನಿ ಕೇಳಿಸದ ಅಪ್ಪ ಏಪ್ರಿಲ್‌ನಲ್ಲಿ ಬಾಗಿಲಿಗೆ ಬಂದು ನಿಂತರೆ ಹುಡುಗ ಅವ್ವನ ಸೆರಗು ಹಿಡಿಯುತ್ತಾನೆ. ಅದನ್ನು ತಾಯಿಯೇ ಕಲಿಸಿಕೊಟ್ಟದ್ದೆಂದು ದೂರುವವರು ಬಹಳ.

'ಜೀವನಾಂಶ ಕೊಟ್ಟಿಲ್ಲ, ಮಗನನ್ನು ಕಳಿಸುವುದಿಲ್ಲ' ಎಂಬ ಮಾತೂ ಕೇಳಿಬರುತ್ತದೆ. ತಾಯಿಯ ಸಿಟ್ಟು ನ್ಯಾಯವೇ. ಆದರೆ ಕಾನೂನಿನ ಕಣ್ಣಿಗೆ ಎರಡೂ ಬೇರೆ ಬೇರೆ: ಹಣದ ವಸೂಲಿಗೆ ಬೇರೆ ಅರ್ಜಿ, ಭೇಟಿಗೆ ಬೇರೆ. ಕಳಿಸದಿದ್ದರೆ ಅಪ್ಪನೂ ಶಾಲೆಯ ಗೇಟಿನಿಂದ ಮಗನನ್ನು ಎತ್ತಿಕೊಂಡು ಹೋಗುವಂತಿಲ್ಲ. ಆದೇಶ ಜಾರಿಗೆ ಕೇಳಬೇಕಾದುದು ನ್ಯಾಯಾಲಯವನ್ನೇ.

ವಿದ್ಯಾರ್ಥಿಗಳೂ ಒಂದು ವಿಷಯ ತಿಳಿದಿರಲಿ. ಬುದ್ಧಿ ಬಲಿತ ಮಗುವಿನ ಇಷ್ಟವನ್ನು ನ್ಯಾಯಾಧೀಶರು ಗಮನಿಸಬಹುದೆಂದು 1890ರ ಕಾಯ್ದೆಯೇ ಹೇಳುತ್ತದೆ. ಎಷ್ಟೋ ಸಲ ಅವರು ಮಗುವನ್ನು ತಮ್ಮ ಕೊಠಡಿಗೆ ಕರೆದು ಒಬ್ಬರೇ ಮಾತಾಡಿಸುತ್ತಾರೆ. 'ಅಪ್ಪನ ಕಡೆ ಇರಲು ಇಷ್ಟ, ಆದರೆ ಕ್ರಿಕೆಟ್ ಶಿಬಿರ ತಪ್ಪಬಾರದು' ಎಂದು ಅಲ್ಲಿ ಹೇಳಬಹುದು. ಅದು ಬೇಕು, ಇದು ಬೇಡ ಎಂಬ ಸುದ್ದಿಯನ್ನು ಅಪ್ಪ-ಅವ್ವರ ನಡುವೆ ಹೊತ್ತು ತಿರುಗುವ ಕೆಲಸ ಮಾತ್ರ ಮಕ್ಕಳದಲ್ಲ.

ವಕೀಲರ ಫೀಜಿಗೆ ಹೆದರಿ ಸುಮ್ಮನಿರುವ ತಾಯಂದಿರು ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಮಹಿಳೆಯರಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿದರಾಯಿತು. ಆ ಕೆಲಸ ಫೆಬ್ರುವರಿಯಲ್ಲೇ ಆಗಲಿ.