ಸಕ್ಕರೆಯಂಥ ಹಿಮ

ಕಡೂರಿನ ಬಯಲಿನಲ್ಲಿ ಬೆಳೆದ ನನಗೆ ಹಿಮವೆಂಬುದು ಪುಸ್ತಕದ ಮಾತಾಗಿದ್ದಿತು. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ, 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮದ ಗೋಡೆ ಕುಸಿದು ಹತ್ತು ಮಂದಿ ಯೋಧರು ಹೂತುಹೋದರು. ಹೂತವನನ್ನು ಕಾಲು ಗಂಟೆಯೊಳಗೆ ತೆಗೆಯದಿದ್ದರೆ ಬದುಕುವ ಆಸೆ ಬಹಳ ಕಡಮೆ. ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರು ಆರನೆಯ ದಿನ ಜೀವಸಹಿತ ದೊರೆತರೆಂದಾಗ, ಅಜ್ಜಂಪುರದ ಬಸ್ಸಿನಲ್ಲಿ ಗುರುತಿಲ್ಲದವರೂ ನನ್ನನ್ನು ಅದನ್ನೇ ವಿಚಾರಿಸಿದರು. 11ರಂದು ಅವರು ದೆಹಲಿಯಲ್ಲಿ ತೀರಿಕೊಂಡರು.

ಆಮೇಲೆ ಓದಿ ತಿಳಿದೆ: ಇಳಿಜಾರಿನ ಹಿಮ ಪದರಪದರವಾಗಿ ಕೂಡುತ್ತದೆ, ಅಡಿಯ ಪದರ ಸಕ್ಕರೆಯಂತೆ ಬಿಡಿಬಿಡಿಯಾಗಿದ್ದರೆ ಮೇಲಿನ ಗಟ್ಟಿ ಹಾಸು ಒಬ್ಬನ ಹೆಜ್ಜೆಗೇ ಜಾರಬಹುದು. ತರೀಕೆರೆಯಾಚೆ ಕೆಮ್ಮಣ್ಣುಗುಂಡಿಯ ಮಣ್ಣಾದರೋ ನೀರು ಕುಡಿದು ಭಾರವಾಗಿ ಕುಸಿದೀತು. ಹಿಮದಲ್ಲಿ ಕಾಲಡಿ ‘ಧುಮ್’ ಎಂದರೆ ಹಿಂದಿರುಗಬೇಕಂತೆ. ಠಾಣೆ ಕಾಯುವವನು ಎಲ್ಲಿಗೆ ಹಿಂದಿರುಗಿಯಾನು?