ನಿಮಗಿದು ಗೊತ್ತೆ? ಮರುಕಳಿಸುವ ನ್ಯುಮೋನಿಯಾ ಕೊಡುವ ಸುಳಿವು

ಒಂದೇ ವರ್ಷದಲ್ಲಿ ಎರಡು ಬಾರಿ ಬ್ಯಾಕ್ಟೀರಿಯಾ ನ್ಯುಮೋನಿಯಾ ಬಂದರೆ ಎಚ್‌ಐವಿ ಪರೀಕ್ಷೆಯನ್ನೂ ಮಾಡಿಸಬೇಕು. ಎಚ್‌ಐವಿ ಸೋಂಕಿತರಲ್ಲಿ ಹೀಗೆ ಮರುಕಳಿಸುವ ನ್ಯುಮೋನಿಯಾವನ್ನು ಅಮೆರಿಕ 1993ರಲ್ಲೇ ಏಡ್ಸ್ ಸೂಚಿಸುವ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಪದೇ ಪದೇ ರಕ್ತಕ್ಕೆ ಇಳಿಯುವುದೂ ಅಂಥದ್ದೇ ಸುಳಿವು. ಎಚ್‌ಐವಿ ವೈರಾಣು ಸಿಡಿ4 ಎಂಬ ರೋಗನಿರೋಧಕ ಕಣಗಳನ್ನು ಕೊಲ್ಲುತ್ತದೆ, ಅದರಿಂದ ಪ್ರತಿಕಾಯ ತಯಾರಿಕೆಯೂ ಹದಗೆಡುತ್ತದೆ. ಆ್ಯಂಟಿಬಯೋಟಿಕ್‌ಗೆ ಜ್ವರ ಇಳಿಯುತ್ತದೆ, ರೋಗಿ ಮನೆಗೆ ಹೋಗುತ್ತಾರೆ. ಮೂಲ ಕಾರಣ ಮಾತ್ರ ಒಳಗೇ ಉಳಿಯುತ್ತದೆ. ನೋವಿನ ಸಂಗತಿ ಇದೇ.

ಕ್ಷಯವೂ ಬ್ಯಾಕ್ಟೀರಿಯಾದಿಂದಲೇ ಬರುವ ಕಾಯಿಲೆ. ಎಚ್‌ಐವಿ ಇದ್ದವರಲ್ಲಿ ಅದು ಹೆಚ್ಚಾಗಿ ಕಾಣಿಸುವುದರಿಂದ ನಮ್ಮಲ್ಲಿ ಕ್ಷಯರೋಗಿಗಳೆಲ್ಲರಿಗೂ ಎಚ್‌ಐವಿ ಪರೀಕ್ಷೆ ಮಾಡಿಸಿಕೊಳ್ಳಲು ಹೇಳುತ್ತಾರೆ. ಗಂಭೀರ ನ್ಯುಮೋನಿಯಾಕ್ಕೂ ಅಷ್ಟೇ ಕಾಳಜಿ ಸಲ್ಲಬೇಕು.

ಕೆಲಮಂಗಲದ ಕಡೆಯವರು ಹೊಸೂರು ಅಥವಾ ಕೃಷ್ಣಗಿರಿಯ ಸರ್ಕಾರಿ ಆಸ್ಪತ್ರೆಯಲ್ಲಿ ‘ನಂಬಿಕ್ಕೈ ಮೈಯಂ’ ಎಂಬ ಎಚ್‌ಐವಿ ಪರೀಕ್ಷಾ ಕೇಂದ್ರ ಎಲ್ಲಿದೆ ಎಂದು ಕೇಳಿ. ಅಲ್ಲಿ ಆಪ್ತಸಲಹೆ, ಪರೀಕ್ಷೆ ಎರಡೂ ಉಚಿತ. ರಕ್ತದ ಮಾದರಿಯಿಂದ ಮೊದಲ ಪರೀಕ್ಷೆ ನಡೆಯುತ್ತದೆ. ಪಾಸಿಟಿವ್ ಬಂದರೆ ಬೇರೆ ಕಿಟ್‌ಗಳಲ್ಲಿ ಖಚಿತಪಡಿಸುತ್ತಾರೆ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ-ಏಡ್ಸ್ ಕಾಯ್ದೆಯ ಪ್ರಕಾರ ಪರೀಕ್ಷೆಗೆ ರೋಗಿಯ ಒಪ್ಪಿಗೆ ಬೇಕು, ಫಲಿತಾಂಶ ಗುಟ್ಟಾಗಿರಬೇಕು. ಎಚ್‌ಐವಿ ಇದೆಯೆಂದು ಚಿಕಿತ್ಸೆ ನಿರಾಕರಿಸುವಂತಿಲ್ಲ. ಸಹಾಯವಾಣಿ: 1097.